ಕಾಣದ ಉಗ್ರಾಣಿಗಳು

ಮದುವೆಯ ಮನೆಯಲ್ಲಿ ಉಂಡೆದ್ದವರು ಅಡುಗೆಯವರನ್ನು ಹೊಗಳುವುದುಂಟು, ಬಡಿಸಿದವರ ಚುರುಕನ್ನು ಮೆಚ್ಚುವುದುಂಟು. ಉಗ್ರಾಣದಲ್ಲಿ ಕುಳಿತವನನ್ನು ವಿಚಾರಿಸಿಕೊಳ್ಳುವವರು ಮಾತ್ರ ಕಡಿಮೆ. ಹುಳಿಗೆ ಬೇಳೆ ಎಷ್ಟು, ಬೇಳೆಯ ಜೊತೆಗೆ ಇನ್ನೇನು ಬೇಕು, ತಂದ ತುಪ್ಪ ಒಳ್ಳೆಯದೇ ಬೆರಕೆಯೇ ಎಂಬುದನ್ನೆಲ್ಲ ನೋಡಿಕೊಂಡವನು ಅವನು. ಅವನ ಕೆಲಸ ಚೆನ್ನಾಗಿ ನಡೆದಷ್ಟೂ ಅವನು ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಪ್ಯೂಟರಿನ ಲೋಕದಲ್ಲಿಯೂ ಇಂಥ ಉಗ್ರಾಣಿಗಳಿದ್ದಾರೆ. ಅವರ ಕೆಲಸಕ್ಕೆ ಇಂಗ್ಲಿಷಿನಿಂದ ಬಂದ ಹೆಸರು ಪ್ಯಾಕೇಜ್ ಮ್ಯಾನೇಜರ್ ಎಂದು. ಸುಮಾರು ಮೂವತ್ತು ವರ್ಷಗಳ ಅದರ ಚರಿತ್ರೆ ನಮ್ಮ ಪತ್ರಿಕೆಗಳಲ್ಲಿ ಅಷ್ಟಾಗಿ ಬಂದಿಲ್ಲ.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಕನ್ನಡ ಪುಸ್ತಕಗಳ ಪುಟಗಳ ಚಿತ್ರ ತೆಗೆದು, ಆ ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರಿನಿಂದ ಓದಿಸಿ, ಹುಡುಕಲು ಬರುವಂಥ ಪಠ್ಯವನ್ನಾಗಿ ಮಾಡುವ ಕೆಲಸದಲ್ಲಿ ನನಗೆ ಕೆಲವು ವರ್ಷಗಳಿಂದ ಆಸಕ್ತಿ. ಇದಕ್ಕೆ ನಾನು ಬಳಸುವ ತಂತ್ರಾಂಶದ ಹೆಸರು ಟೆಸೆರಾಕ್ಟ್. ಇದು ೧೯೮೫ರಿಂದ ೧೯೯೪ರವರೆಗೆ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಬೆಳೆದದ್ದು. ೨೦೦೫ರಲ್ಲಿ ಸಂಸ್ಥೆ ಅದರ ಮೂಲವನ್ನು ಎಲ್ಲರಿಗೂ ತೆರೆದಿಟ್ಟಿತು. ಇದಕ್ಕೆ ಗುಂಡಿಗಳಿಲ್ಲ, ಬಣ್ಣದ ಚಿತ್ರಗಳಿಲ್ಲ. ಪರದೆಯ ಮೇಲೆ ಒಂದು ಸಾಲಿನ ಅಪ್ಪಣೆಯನ್ನು ಬರೆದು ಕೊಟ್ಟರೆ ಕೆಲಸ ಮಾಡಿ ಸುಮ್ಮನಾಗುತ್ತದೆ. ಕಮಾಂಡ್ ಲೈನ್ ಎನ್ನುವುದು ಇದನ್ನೇ.

ಈ ತಂತ್ರಾಂಶವನ್ನು ಕಂಪ್ಯೂಟರಿಗೆ ತರಿಸಿಕೊಳ್ಳುವುದೂ ಒಂದು ಸಾಲಿನ ಅಪ್ಪಣೆಯೇ. ಡೆಬಿಯನ್ ಅಥವಾ ಉಬುಂಟು ಎಂಬ ವ್ಯವಸ್ಥೆಯಿದ್ದರೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಟೆಸೆರಾಕ್ಟ್-ಓಸಿಆರ್ ಟೆಸೆರಾಕ್ಟ್-ಓಸಿಆರ್-ಕನ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಸಾಕು. ಕೊನೆಯ ‘ಕನ್’ ಎಂಬುದು ಕನ್ನಡ. ಕ್ಷಣಾರ್ಧದಲ್ಲಿ ಪರದೆಯ ಮೇಲೆ ಹೆಸರುಗಳ ಒಂದು ಪಟ್ಟಿ ಮೂಡುತ್ತದೆ. ನಾವು ಕೇಳಿದ್ದು ಎರಡು, ಬರುವುದು ಹಲವು. ಚಿತ್ರವನ್ನು ತಿದ್ದಿಕೊಡುವ ಲೆಪ್ಟೋನಿಕಾ, ಅದಕ್ಕೆ ಬೇಕಾದ ಚಿತ್ರರೂಪಗಳನ್ನು ತಿಳಿದ ಲಿಬ್‌ಟಿಫ್, ಲಿಬ್‌ಪಿಎನ್‌ಜಿ, ಅವುಗಳಿಗೆ ಬೇಕಾದ ಮತ್ತಷ್ಟು. ಮುಂದುವರಿಯಲೇ ಎಂದು ಕೇಳುತ್ತದೆ. ಹೌದೆಂದರೆ ತಂದು, ಬಿಚ್ಚಿ, ಒಂದೊಂದನ್ನೂ ಅದರದರ ಜಾಗದಲ್ಲಿಟ್ಟು, ಲೆಕ್ಕ ಬರೆದುಕೊಂಡು ಮುಗಿಸುತ್ತದೆ. ಈ ಸುಲಭ ಎಲ್ಲಿಂದ ಬಂದಿತು?

ಕಥೆ ಮೊದಲಾಗುವುದು ಅಮೆರಿಕಾದ ಬೆಲ್ ಪ್ರಯೋಗಾಲಯದಲ್ಲಿ. ೧೯೬೯ರಲ್ಲಿ ಅಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅವರ ಸಹೋದ್ಯೋಗಿ ಡಗ್ ಮೆಕಿಲ್‌ರಾಯ್ ೧೯೬೪ರಲ್ಲಿಯೇ ಒಂದು ಟಿಪ್ಪಣಿ ಬರೆದಿದ್ದರು. ತೋಟಕ್ಕೆ ನೀರು ಹಾಯಿಸುವ ಕೊಳವೆಗಳನ್ನು ಒಂದಕ್ಕೊಂದು ತಿರುಪಿ ಜೋಡಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸಲು ಬರಬೇಕು ಎಂಬುದು ಅದರ ಸಾರ. ೧೯೭೩ರಲ್ಲಿ ಯುನಿಕ್ಸಿಗೆ ಆ ಕೊಳವೆ ಬಂದಿತು. ದೊಡ್ಡ ಪ್ರೋಗ್ರಾಮು ಒಂದರ ಬದಲು ಒಂದೊಂದೇ ಕೆಲಸ ಬಲ್ಲ ಚಿಕ್ಕ ಚಿಕ್ಕ ಉಪಕರಣಗಳು: ಒಂದು ಹುಡುಕುವುದಕ್ಕೆ, ಒಂದು ಅಕಾರಾದಿಯಾಗಿ ಜೋಡಿಸುವುದಕ್ಕೆ, ಒಂದು ಎಣಿಸುವುದಕ್ಕೆ. ಅಂದಿನಿಂದ ಕಮಾಂಡ್ ಲೈನಿನ ನಡತೆ ಇದೇ. ಉಪಕರಣಗಳು ಚಿಕ್ಕವಾದಷ್ಟೂ ಅವುಗಳ ಸಂಖ್ಯೆ ಹೆಚ್ಚಾಗುತ್ತದೆ, ಒಂದು ಇನ್ನೊಂದನ್ನು ನೆಚ್ಚುವುದೂ ಹೆಚ್ಚಾಗುತ್ತದೆ. ಮುಂದಿನ ತೊಡಕುಗಳಿಗೆಲ್ಲ ಬೀಜ ಇಲ್ಲಿಯೇ ಬಿದ್ದಿತು.

ಬೆಲ್ ಪ್ರಯೋಗಾಲಯದ ಒಡೆತನವಿದ್ದ ಟೆಲಿಫೋನ್ ಕಂಪೆನಿಯು ೧೯೫೬ರಲ್ಲಿ ಅಮೆರಿಕಾದ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದಂತೆ ಟೆಲಿಫೋನಿನ ಹೊರಗಿನ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹೀಗಾಗಿ ಯುನಿಕ್ಸನ್ನು ವಿಶ್ವವಿದ್ಯಾನಿಲಯಗಳಿಗೆ ಅಲ್ಪ ಶುಲ್ಕಕ್ಕೆ, ಮೂಲಸಹಿತವಾಗಿ ಕೊಡಲಾಯಿತು. ಮೂಲ ಎಂದರೆ ಮನುಷ್ಯರು ಓದಿ ತಿದ್ದಬಹುದಾದ ಬರಹ. ಯಂತ್ರ ಓದುವುದು ಅದರಿಂದ ತಯಾರಾದ ಇನ್ನೊಂದು ರೂಪವನ್ನು. ಬರ್ಕ್ಲಿಯ ವಿದ್ಯಾರ್ಥಿ ಬಿಲ್ ಜಾಯ್ ೧೯೭೮ರಲ್ಲಿ ತಮ್ಮ ವಿಶ್ವವಿದ್ಯಾನಿಲಯದ ಸೇರ್ಪಡೆಗಳನ್ನು ಟೇಪಿನ ಸುರುಳಿಯಲ್ಲಿ ಹಂಚತೊಡಗಿದರು. ಅಂದು ತಂತ್ರಾಂಶವನ್ನು ಪಡೆಯುವುದೆಂದರೆ ಅಂಚೆಯಲ್ಲಿ ಟೇಪನ್ನು ತರಿಸಿಕೊಳ್ಳುವುದು. ೧೯೭೯ರ ಯುನಿಕ್ಸಿನಲ್ಲಿ ಬಂದ ‘ಟಾರ್’ ಎಂಬ ಉಪಕರಣ ಹಲವು ಕಡತಗಳನ್ನು ಒಂದೇ ಕಂತೆಯಾಗಿ ಕಟ್ಟುತ್ತದೆ. ಅದರ ಹೆಸರಿನಲ್ಲಿರುವ ಮೊದಲಕ್ಷರ ಟೇಪಿನದೇ. ಟೇಪು ನಮ್ಮ ಮೇಜುಗಳಿಂದ ಮರೆಯಾದ ಮೇಲೂ ಕಂತೆಗೆ ಆ ಹೆಸರು ಉಳಿದುಕೊಂಡಿದೆ.

ವ್ಯಾಪಾರದ ಗಾಳಿ ಬೀಸತೊಡಗಿದಾಗ ಮೂಲವನ್ನು ಮುಚ್ಚಿಡುವ ಪದ್ಧತಿ ಬಲವಾಯಿತು. ಇದನ್ನು ಒಪ್ಪದ ರಿಚರ್ಡ್ ಸ್ಟಾಲ್‌ಮನ್ ೧೯೮೩ರ ಸೆಪ್ಟೆಂಬರಿನಲ್ಲಿ ಗ್ನು ಯೋಜನೆಯನ್ನು ಸಾರಿದರು. ಯಾರು ಬೇಕಾದರೂ ಬಳಸಬಹುದಾದ, ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಯುನಿಕ್ಸಿನಂಥ ವ್ಯವಸ್ಥೆ ಅವರ ಗುರಿ. ಖರ್ಚಿಗೆಂದು ಅವರು ತಮ್ಮ ಈಮ್ಯಾಕ್ಸ್ ಎಂಬ ತಂತ್ರಾಂಶದ ಟೇಪನ್ನು ೧೫೦ ಡಾಲರಿಗೆ ಮಾರುತ್ತಿದ್ದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದರು. ತಿರುಳಿಗೆ ಗ್ನುವಿನ ಉಪಕರಣಗಳು ಸೇರಿ ಒಂದು ಪೂರ್ಣ ವ್ಯವಸ್ಥೆ ಕೈಗೆ ಬಂದಿತು. ಬಂದಿತು ಎಂದೆ; ಆದರೆ ಹೇಗೆ ಬಂದಿತು? ಮರದ ಮೋಪು, ಮೊಳೆ, ಹೆಂಚು ಎಲ್ಲವೂ ಬೇರೆ ಬೇರೆ ಊರುಗಳಿಂದ ಬಂದು ಅಂಗಳದಲ್ಲಿ ಬಿದ್ದಂತೆ ಬಂದಿತು. ಮನೆ ಕಟ್ಟಿಕೊಳ್ಳುವುದು ತಂದವನ ಪಾಡು.

ಆ ಕಾಲದಲ್ಲಿ ಒಂದು ಉಪಕರಣವನ್ನು ಸ್ಥಾಪಿಸುವ ಕ್ರಮ ಹೀಗಿದ್ದಿತು. ಕಂತೆಯನ್ನು ತರಿಸಿ ಬಿಚ್ಚಬೇಕು. ‘ಕಾನ್ಫಿಗರ್’ ಎಂದರೆ ಅದು ನಮ್ಮ ಯಂತ್ರದಲ್ಲಿ ಏನಿದೆ ಏನಿಲ್ಲ ಎಂದು ಒಂದೊಂದಾಗಿ ತಡಕಿ ನೋಡುತ್ತದೆ; ಇದನ್ನು ತಯಾರಿಸಿಕೊಡುವ ಆಟೋಕಾನ್ಫ್ ೧೯೯೧ರದು. ಆಮೇಲೆ ‘ಮೇಕ್’. ೧೯೭೬ರಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಬರೆದ ಇದು ಮೂಲದಿಂದ ಯಂತ್ರರೂಪವನ್ನು ಸರಿಯಾದ ಕ್ರಮದಲ್ಲಿ ತಯಾರಿಸುತ್ತದೆ. ಕೊನೆಗೆ ‘ಮೇಕ್ ಇನ್‌ಸ್ಟಾಲ್’. ತಯಾರಾದುದನ್ನು ವ್ಯವಸ್ಥೆಯ ಬೇರೆ ಬೇರೆ ಕೋಣೆಗಳಿಗೆ ಹಂಚುತ್ತದೆ. ಮೂರೇ ಮಾತು. ಆದರೆ ಮೊದಲ ಮಾತಿಗೇ ಇಂಥ ಗ್ರಂಥಾಲಯವಿಲ್ಲ ಎಂಬ ಉತ್ತರ ಬಂದರೆ ಅದನ್ನು ಹುಡುಕಿ ತರಬೇಕು. ಅದಕ್ಕೆ ಬೇಕಾದ ಇನ್ನೊಂದು ಇಲ್ಲದಿದ್ದರೆ ಮತ್ತೆ ಹುಡುಕಾಟ. ಗ್ರಂಥಾಲಯ ಎಂದರೆ ಇಲ್ಲಿ ಪುಸ್ತಕಗಳ ಮನೆಯಲ್ಲ. ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಿದ್ಧ ಸಾಮಗ್ರಿ.

ಇಷ್ಟಾಗಿಯೂ ಕಷ್ಟ ತೀರದು. ಸ್ಥಾಪಿಸಿದ್ದನ್ನು ತೆಗೆಯುವುದು ಹೇಗೆ? ಯಾವ ಕಡತ ಯಾವ ಕೋಣೆಗೆ ಹೋಯಿತೆಂಬ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಹೊಸ ಆವೃತ್ತಿ ಬಂದರೆ ಹಳೆಯದರ ಚೂರುಗಳು ಅಲ್ಲಲ್ಲಿ ಉಳಿದು ಹೊಸದರ ಕಾಲಿಗೆ ತೊಡರುತ್ತವೆ. ಲಿನಕ್ಸಿನ ಬಿಡಿಭಾಗಗಳನ್ನು ಕೂಡಿಸಿ ಒಟ್ಟಾಗಿ ಕೊಡುವ ಪ್ರಯತ್ನಗಳು ೧೯೯೨ರಲ್ಲಿಯೇ ಮೊದಲಾದುವು. ಎಸ್.ಎಲ್.ಎಸ್. ಎಂಬುದು ಅವುಗಳಲ್ಲಿ ಹೆಸರಾದದ್ದು. ಅದರ ಕುಂದುಗಳನ್ನು ತಿದ್ದಲು ಹೊರಟು ಪ್ಯಾಟ್ರಿಕ್ ವೋಲ್ಕರ್ಡಿಂಗ್ ೧೯೯೩ರ ಜುಲೈಯಲ್ಲಿ ಸ್ಲ್ಯಾಕ್‌ವೇರನ್ನು ಹೊರತಂದರು. ಅದೇ ಎಸ್.ಎಲ್.ಎಸ್.ನಿಂದ ಬೇಸತ್ತ ಇನ್ನೊಬ್ಬ ತರುಣ ಬೇರೊಂದು ದಾರಿ ಹಿಡಿದನು.

ಅವನೇ ಇಯಾನ್ ಮರ್ಡಾಕ್. ಪರ್ಡ್ಯೂ ವಿಶ್ವವಿದ್ಯಾನಿಲಯದ ಇಪ್ಪತ್ತು ವರ್ಷದ ವಿದ್ಯಾರ್ಥಿ. ೧೯೯೩ರ ಆಗಸ್ಟ್ ೧೬ರಂದು ಅವನು ಡೆಬಿಯನ್ ಎಂಬ ಹೊಸ ವ್ಯವಸ್ಥೆಯನ್ನು ಸಾರಿದನು. ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಸಂಧಿಮಾಡಿದ ಪದ ಅದು. ಲಿನಕ್ಸನ್ನು ಕೂಡಿಸುವ ಕೆಲಸವೂ ಲಿನಕ್ಸನ್ನು ಬರೆದ ರೀತಿಯಲ್ಲಿಯೇ, ಅಂದರೆ ಹಲವು ಊರುಗಳ ಹಲವು ಜನರಿಂದ, ಬಹಿರಂಗವಾಗಿ ನಡೆಯಬೇಕು ಎಂಬುದು ಅವನ ವಿಚಾರ. ಆದರೆ ಒಬ್ಬರನ್ನೊಬ್ಬರು ಕಾಣದ ನೂರು ಜನ ಒಂದು ಉಗ್ರಾಣವನ್ನು ನಡೆಸಬೇಕಾದರೆ ಒಂದು ಕಟ್ಟುಪಾಡು ಬೇಕಷ್ಟೆ. ಆ ಅಗತ್ಯದಿಂದ ಹುಟ್ಟಿದ್ದು ‘ಡಿಪಿಕೆಜಿ’. ಮೊದಲ ರೂಪವನ್ನು ಮರ್ಡಾಕ್ ಬರೆದರೆ, ಮುಂದೆ ಇಯಾನ್ ಜಾಕ್ಸನ್ ಅದನ್ನು ಸಿ ಭಾಷೆಯಲ್ಲಿ ಬಹುಮಟ್ಟಿಗೆ ಹೊಸದಾಗಿ ಬರೆದರು.

ಡಿಪಿಕೆಜಿಯ ಮುಖ್ಯ ಉಪಾಯ ಬಹಳ ಸರಳವಾದದ್ದು. ಪ್ರತಿಯೊಂದು ಮೂಟೆಗೂ ಒಂದು ಚೀಟಿ. ಮೂಟೆಯ ಹೆಸರು, ಎಷ್ಟನೆಯ ಆವೃತ್ತಿ, ಏನೇನು ಜೊತೆಗಿದ್ದರೆ ಇದು ನಡೆಯುತ್ತದೆ, ಯಾವುದರ ಜೊತೆಗೆ ಇದು ಹೊಂದದು, ಇದನ್ನು ನೋಡಿಕೊಳ್ಳುವ ಪಾಲಕನಾರು ಎಂಬುದೆಲ್ಲ ಆ ಚೀಟಿಯಲ್ಲಿ ಇರುತ್ತದೆ. ಸ್ಥಾಪಿಸುವಾಗ ಯಾವ ಕಡತ ಎಲ್ಲಿ ಹೋಯಿತೆಂಬುದನ್ನು ಖಾತೆಯಲ್ಲಿ ಬರೆದುಕೊಳ್ಳುತ್ತದೆ. ತೆಗೆಯೆಂದಾಗ ಆ ಖಾತೆಯನ್ನು ನೋಡಿ ತೆಗೆಯುತ್ತದೆ. ಅದೇ ಕಾಲದಲ್ಲಿ ಇನ್ನೆರಡು ಕಡೆಗಳಲ್ಲಿಯೂ ಇಂಥ ಕೆಲಸ ನಡೆದಿದ್ದಿತು. ಬರ್ಕ್ಲಿಯ ಪರಂಪರೆಯ ಫ್ರೀಬಿಎಸ್‌ಡಿಯಲ್ಲಿ ಜೋರ್ಡನ್ ಹಬ್ಬರ್ಡ್ ೧೯೯೪ರಲ್ಲಿ ‘ಪೋರ್ಟ್ಸ್’ ಎಂಬುದನ್ನು ಆರಂಭಿಸಿದರು. ಅಲ್ಲಿ ಸಿದ್ಧ ಅಡುಗೆಯ ಬದಲು ಅಡುಗೆಯ ವಿಧಾನವನ್ನು ಕೊಡುತ್ತಿದ್ದರು; ಮೂಲವನ್ನು ಎಲ್ಲಿಂದ ತರಬೇಕು, ಏನು ತಿದ್ದಬೇಕು, ಹೇಗೆ ಕಟ್ಟಬೇಕು ಎಂಬ ವಿಧಾನ. ೧೯೯೫ರಲ್ಲಿ ರೆಡ್ ಹ್ಯಾಟ್ ಕಂಪೆನಿಯ ಮಾರ್ಕ್ ಯೂಯಿಂಗ್ ಮತ್ತು ಎರಿಕ್ ಟ್ರೋನ್ ‘ಆರ್‌ಪಿಎಂ’ ಬರೆದರು.

ಚೀಟಿ ಬಂದದ್ದರಿಂದ ಏನು ಬೇಕೆಂಬುದು ತಿಳಿಯಿತು. ಆದರೆ ತಂದುಕೊಡುವವರು ಇನ್ನೂ ಇರಲಿಲ್ಲ. ಡಿಪಿಕೆಜಿಯೂ ಆರ್‌ಪಿಎಮ್ಮೂ ಇಂಥದ್ದು ಇಲ್ಲ ಎಂದು ಹೇಳಿ ನಿಂತುಬಿಡುತ್ತಿದ್ದುವು. ಅದನ್ನು ತಂದರೆ ಅದಕ್ಕೆ ಬೇಕಾದ ಮತ್ತೊಂದರ ಹೆಸರು ಹೇಳುತ್ತಿದ್ದುವು. ಈ ಪಾಡಿಗೆ ಆ ಜನ ಅವಲಂಬನೆಯ ನರಕ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ಇದರ ಪರಿಹಾರಕ್ಕೆಂದು ಡೆಬಿಯನ್ನಿನ ಜೇಸನ್ ಗುಂಥಾರ್ಪ್ ಮೊದಲಾದವರು ೧೯೯೮ರಲ್ಲಿ ‘ಆಪ್ಟ್’ ಎಂಬುದನ್ನು ಹೊರತಂದರು. ೧೯೯೯ರ ಮಾರ್ಚಿಯಲ್ಲಿ ಬಂದ ಡೆಬಿಯನ್ ೨.೧ರಲ್ಲಿ ಅದು ಸೇರಿತು. ಆಪ್ಟ್ ಮೊದಲು ದೂರದ ಉಗ್ರಾಣದಿಂದ ಎಲ್ಲ ಚೀಟಿಗಳ ಸೂಚಿಯನ್ನು ತರಿಸಿಕೊಳ್ಳುತ್ತದೆ. ನಾವು ಒಂದನ್ನು ಕೇಳಿದರೆ ಅದರ ಅವಲಂಬನೆ, ಅವಲಂಬನೆಯ ಅವಲಂಬನೆ ಹೀಗೆ ಕೊನೆಯವರೆಗೂ ಹೋಗಿ, ನಮ್ಮಲ್ಲಿ ಆಗಲೇ ಇರುವುದನ್ನು ಕಳೆದು, ಹೊಂದದವುಗಳನ್ನು ಬಿಡಿಸಿ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮವನ್ನು ಗೊತ್ತುಮಾಡುತ್ತದೆ. ಆಮೇಲೆ ಎಲ್ಲವನ್ನೂ ತಂದು ಡಿಪಿಕೆಜಿಯ ಕೈಗೆ ಒಪ್ಪಿಸುತ್ತದೆ. ಆರ್‌ಪಿಎಮ್ಮಿನ ಕಡೆಯವರಿಗೂ ಇಂಥದೇ ನೆರವು ಬೇಕಾಯಿತು. ಕೆಲವು ವರ್ಷಗಳ ತರುವಾಯ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಸೆತ್ ವೈಡಲ್ ಮೊದಲಾದವರು ‘ಯಮ್’ ಎಂಬುದನ್ನು ಕಟ್ಟಿದರು.

ಡೆಬಿಯನ್ನಿನ ಬೆಳವಣಿಗೆಯನ್ನು ಅಂಕೆಗಳಲ್ಲಿ ಹೇಳಬಹುದು. ೧೯೯೬ರ ೧.೧ನೆಯ ಆವೃತ್ತಿಯಲ್ಲಿ ಇದ್ದ ಮೂಟೆಗಳು ೪೭೪. ೨೦೨೩ರ ೧೨ನೆಯ ಆವೃತ್ತಿಯಲ್ಲಿ ೬೪ ಸಾವಿರಕ್ಕೂ ಹೆಚ್ಚು. ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಎಂಬ ಮಕ್ಕಳ ಚಲನಚಿತ್ರದ ಪಾತ್ರಗಳ ಹೆಸರಿಡುವ ವಾಡಿಕೆ ಅಲ್ಲಿದೆ. ಒಂದು ಕಾಲದಲ್ಲಿ ಅದರ ಮುಂದಾಳಾಗಿದ್ದ ಬ್ರೂಸ್ ಪೆರೆನ್ಸ್ ಆ ಚಿತ್ರವನ್ನು ತಯಾರಿಸಿದ ಪಿಕ್ಸಾರ್ ಕಂಪೆನಿಯಲ್ಲಿ ಉದ್ಯೋಗಿಯಾಗಿದ್ದರು. ಇನ್ನೂ ಪಕ್ವವಾಗದ ಸಾಮಾನುಗಳ ಕೋಣೆಗೆ ಮಾತ್ರ ‘ಸಿಡ್’ ಎಂಬ ಹೆಸರು ಶಾಶ್ವತ. ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ಹುಡುಗ ಅವನು! ಇದೇ ಬಳಗ ೧೯೯೭ರ ಜುಲೈಯಲ್ಲಿ ಒಂದು ಸಾಮಾಜಿಕ ಕರಾರನ್ನು ಅಂಗೀಕರಿಸಿತು. ನಮ್ಮ ವ್ಯವಸ್ಥೆ ಎಂದೆಂದಿಗೂ ಮುಕ್ತವಾಗಿ ಉಳಿಯುವುದು, ಕುಂದುಗಳನ್ನು ಮುಚ್ಚಿಡುವುದಿಲ್ಲ ಎಂಬ ವಾಗ್ದಾನ ಅದರಲ್ಲಿತ್ತು. ಕರಾರಿನ ಜೊತೆಗಿದ್ದ ಮಾರ್ಗಸೂಚಿಯೇ ಮರುವರ್ಷ ಓಪನ್ ಸೋರ್ಸ್ ಎಂಬ ಹೊಸ ಹೆಸರಿನ ಲಕ್ಷಣಕ್ಕೆ ಆಧಾರವಾಯಿತು. ಗ್ರಂಥ ಬರೆಯುವವರಿಗಿಂತ ಗ್ರಂಥಭಂಡಾರ ನಡೆಸುವವರು ಲಕ್ಷಣಶಾಸ್ತ್ರ ಬರೆದ ಈ ಸಂಗತಿ ನನಗೆ ತುಂಬ ಸೋಜಿಗದ್ದಾಗಿ ಕಾಣುತ್ತದೆ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಅದೂ ಟೆಲಿಫೋನ್ ತಂತಿಯ ಮಂದಗತಿಯಲ್ಲಿ. ದೂರದ ಉಗ್ರಾಣದಿಂದ ಕ್ಷಣದಲ್ಲಿ ತರಿಸಿಕೊಳ್ಳುವ ಮಾತು ಇಲ್ಲಿಯವರಿಗೆ ಆಗ ದೂರವೇ ಉಳಿದಿತ್ತು. ಈ ಕೊರತೆಯನ್ನು ಬೇರೊಂದು ರೀತಿಯಲ್ಲಿ ತುಂಬಿದವರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಒಬ್ಬರು. ಅವರ ಪ್ರಯತ್ನದಿಂದ ‘ಪಿಸಿ ಕ್ವೆಸ್ಟ್’ ಮಾಸಪತ್ರಿಕೆ ೧೯೯೬ರಲ್ಲಿ ಸಂಚಿಕೆಯ ಜೊತೆಗೆ ಲಿನಕ್ಸ್ ತುಂಬಿದ ಸಿ.ಡಿ.ಯನ್ನು ಓದುಗರಿಗೆ ಕೊಟ್ಟಿತು. ೨೦೦೧ರಲ್ಲಿ ಬೆಂಗಳೂರಿನಲ್ಲಿ ಈ ಆಸಕ್ತರ ಸಮ್ಮೇಳನ ಆರಂಭವಾಗಿ, ಮುಂದೆ ಹೆಸರು ಬದಲಿಸಿಕೊಂಡು ೨೦೧೨ರವರೆಗೆ ನಡೆಯಿತು. ಡೆಬಿಯನ್ ಬಳಗದ ವಾರ್ಷಿಕ ಸಮ್ಮೇಳನವೇ ೨೦೨೩ರಲ್ಲಿ ಕೊಚ್ಚಿಗೆ ಬಂದಿತು. ಕನ್ನಡಕ್ಕೂ ಆ ಉಗ್ರಾಣದಲ್ಲಿ ಜಾಗ ದೊರೆತಿದೆ. ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಮೂಟೆಯಲ್ಲಿ ಸ್ವಂತದ್ದೇನೂ ಇಲ್ಲ. ಅದರ ಚೀಟಿ ಕನ್ನಡದ ಅಕ್ಷರವಿನ್ಯಾಸಗಳ ಬೇರೆ ಮೂಟೆಗಳನ್ನು ಹೆಸರಿಸುತ್ತದೆ, ಅಷ್ಟೆ. ಅದನ್ನು ಕೇಳಿದರೆ ಗುಬ್ಬಿಯೂ ನವಿಲೂ ಜೊತೆಯಾಗಿ ಹಾರಿ ಬರುತ್ತವೆ. ಎರಡೂ ಕನ್ನಡ ಅಕ್ಷರವಿನ್ಯಾಸಗಳ ಹೆಸರು.

ಆಪಲ್ ಕಂಪೆನಿಯ ಮ್ಯಾಕ್ ಕಂಪ್ಯೂಟರುಗಳಲ್ಲಿ ೨೦೦೧ರಿಂದ ಒಳಗೆ ಯುನಿಕ್ಸಿನ ತಿರುಳಿದ್ದರೂ, ಮುಕ್ತ ಉಪಕರಣಗಳನ್ನು ತರಿಸಿಕೊಡುವ ವ್ಯವಸ್ಥೆ ಕಂಪೆನಿಯಿಂದ ಬರಲಿಲ್ಲ. ಫಿಂಕ್, ಮ್ಯಾಕ್‌ಪೋರ್ಟ್ಸ್ ಎಂಬುವು ಆ ಕೊರತೆಯನ್ನು ತುಂಬಲು ಹೊರಟ ಪ್ರಯತ್ನಗಳು. ೨೦೦೯ರಲ್ಲಿ ಮ್ಯಾಕ್ಸ್ ಹೊವೆಲ್ ‘ಹೋಮ್‌ಬ್ರೂ’ ಬರೆದರು. ಮನೆಯಲ್ಲಿ ಕಾಯಿಸಿದ ಬಿಯರು ಎಂಬುದು ಆ ಹೆಸರಿನ ಅರ್ಥ. ಸ್ಥಾಪನೆಯ ವಿಧಾನಕ್ಕೆ ಫಾರ್ಮುಲಾ, ಇಡುವ ಜಾಗಕ್ಕೆ ನೆಲಮಾಳಿಗೆ, ಸಿದ್ಧವಾದ ಕಂತೆಗೆ ಸೀಸೆ, ಹೊರಗಿನ ಉಗ್ರಾಣಕ್ಕೆ ನಲ್ಲಿ, ಹೀಗೆ ಅಲ್ಲಿಯ ಪರಿಭಾಷೆಯೆಲ್ಲ ಪಾನಗೃಹದ್ದು. ವಿಧಾನವನ್ನು ಬರೆಯುವುದು ಸುಲಭವಾದದ್ದರಿಂದ ಬರೆದು ಕಳುಹಿಸುವವರು ಬಹುಬೇಗ ಹೆಚ್ಚಿದರು. ೨೦೧೫ರಲ್ಲಿ ಹೊವೆಲ್ ಒಂದು ಮಾತನ್ನು ಬಹಿರಂಗವಾಗಿ ಹೇಳಿಕೊಂಡರು. ದೊಡ್ಡ ಕಂಪೆನಿಯೊಂದರ ಇಂಜಿನಿಯರುಗಳು ತಮ್ಮ ಹೋಮ್‌ಬ್ರೂವನ್ನು ನಿತ್ಯ ಬಳಸುತ್ತಿದ್ದರೂ, ಸಂದರ್ಶನದಲ್ಲಿ ಹಲಗೆಯ ಮೇಲೆ ಒಂದು ಲೆಕ್ಕ ಬಿಡಿಸಲಾರದ್ದಕ್ಕೆ ತಮ್ಮನ್ನು ಉದ್ಯೋಗಕ್ಕೆ ತೆಗೆದುಕೊಳ್ಳಲಿಲ್ಲ ಎಂದು. ಅವರವರ ನ್ಯಾಯ ಅವರವರಿಗೆ. ಉಗ್ರಾಣಿಯ ಕೆಲಸಕ್ಕೂ ಅವನಿಗೆ ಸಿಗುವ ಮನ್ನಣೆಗೂ ಇರುವ ಅಂತರವನ್ನಂತೂ ಈ ಪ್ರಸಂಗ ತೋರಿಸುತ್ತದೆ.

ಇಷ್ಟರವರೆಗೆ ಅನುಕೂಲದ ಕಥೆಯಾಯಿತು. ಅನುಕೂಲದ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ: ನಾವು ಕಾಣದವರು ಕೊಟ್ಟದ್ದನ್ನು ಕಣ್ಮುಚ್ಚಿ ಒಳಗೆ ಬಿಟ್ಟುಕೊಳ್ಳುವುದು ಎಷ್ಟು ಸರಿ? ಯುನಿಕ್ಸಿನ ಕರ್ತೃ ಥಾಂಪ್ಸನ್ ಅವರೇ ಟ್ಯೂರಿಂಗ್ ಪ್ರಶಸ್ತಿಯ ಸಂದರ್ಭದ ತಮ್ಮ ಉಪನ್ಯಾಸದಲ್ಲಿ ಇದನ್ನು ಎತ್ತಿದ್ದರು; ಅದು ೧೯೮೪ರಲ್ಲಿ ಅಚ್ಚಾಯಿತು. ಮೂಲವನ್ನು ಓದಿದ ಮಾತ್ರಕ್ಕೆ ಭರವಸೆ ಸಾಲದು, ಮೂಲವನ್ನು ಯಂತ್ರರೂಪಕ್ಕೆ ತಿರುಗಿಸುವ ಉಪಕರಣವೇ ಕಪಟವಾಗಿರಬಹುದು ಎಂದು ಅವರು ತೋರಿಸಿಕೊಟ್ಟರು. ಉಗ್ರಾಣಗಳು ತಮ್ಮ ಮಟ್ಟಿಗೆ ಎಚ್ಚರ ವಹಿಸಿದುವು. ಡೆಬಿಯನ್ನಿನಲ್ಲಿ ೨೦೦೭ರ ೪.೦ನೆಯ ಆವೃತ್ತಿಯಿಂದ ಆಪ್ಟ್ ಸೂಚಿಯ ಮೇಲಿನ ಗೂಢಲಿಪಿಯ ಮೊಹರನ್ನು ಪರೀಕ್ಷಿಸಿಯೇ ಮುಂದುವರಿಯುತ್ತದೆ. ದಾರಿಯಲ್ಲಿ ಯಾರಾದರೂ ಮೂಟೆ ಬಿಚ್ಚಿ ಬೆರಕೆ ಮಾಡಿದರೆ ಇದರಿಂದ ತಿಳಿಯುತ್ತದೆ. ಆದರೆ ಉಗ್ರಾಣದೊಳಗೇ ಎಡವಟ್ಟಾದರೆ?

ಅದೂ ಆಯಿತು. ಗುಟ್ಟಿನ ಕೀಲಿಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಎಂಬುದರಲ್ಲಿ, ಪರೀಕ್ಷೆಯ ಉಪಕರಣವೊಂದು ಆಕ್ಷೇಪಿಸಿತೆಂದು ಡೆಬಿಯನ್ನಿನ ಪಾಲಕರು ೨೦೦೬ರಲ್ಲಿ ಒಂದೆರಡು ಸಾಲುಗಳನ್ನು ತೆಗೆದರು. ಅದರ ಪರಿಣಾಮವಾಗಿ, ಎಣಿಸಲಾರದಷ್ಟು ಇರಬೇಕಾಗಿದ್ದ ಕೀಲಿಗಳು ಒಂದೊಂದು ಬಗೆಗೆ ಸುಮಾರು ೩೨ ಸಾವಿರಕ್ಕೆ ಇಳಿದುವು. ೨೦೦೮ರ ಮೇ ತಿಂಗಳಲ್ಲಿ ಲೂಸಿಯಾನೊ ಬೆಲ್ಲೊ ಎಂಬವರು ಇದನ್ನು ಕಂಡುಹಿಡಿಯುವವರೆಗೆ ಕೆಟ್ಟ ಬೀಗಗಳು ಲೋಕದ ತುಂಬ ತೂಗುತ್ತಿದ್ದುವು. ಮೂಲಪ್ರತಿಯಲ್ಲಿ ಅರ್ಥವಾಗದ ಪದ ಕಂಡಾಗ ಲಿಪಿಕಾರನು ತನಗೆ ತೋಚಿದಂತೆ ತಿದ್ದಿ ಪಾಠವನ್ನೇ ಕೆಡಿಸುವುದನ್ನು ಗ್ರಂಥಸಂಪಾದನೆ ಬಲ್ಲವರೆಲ್ಲ ಕಂಡಿದ್ದಾರೆ. ಇದು ಆ ಜಾತಿಯ ಅನಾಹುತ, ದುರುದ್ದೇಶವಿಲ್ಲ.

೨೦೧೬ರ ಮಾರ್ಚ್ ೨೨ರಂದು ನಡೆದದ್ದು ಮತ್ತೊಂದು ಬಗೆ. ಜಾವಾಸ್ಕ್ರಿಪ್ಟ್ ಭಾಷೆಯ ಎನ್‌ಪಿಎಂ ಎಂಬ ಉಗ್ರಾಣದಲ್ಲಿ, ಒಂದು ಹೆಸರಿನ ಹಕ್ಕಿನ ವಿಚಾರವಾಗಿ ಮನನೊಂದ ಲೇಖಕನೊಬ್ಬ ತನ್ನ ಕೃತಿಗಳನ್ನೆಲ್ಲ ಹಿಂತೆಗೆದುಕೊಂಡನು. ಅವುಗಳಲ್ಲಿ ‘ಲೆಫ್ಟ್-ಪ್ಯಾಡ್’ ಎಂಬುದೊಂದು. ಅಕ್ಷರಗಳ ಸಾಲಿನ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬಿ ಉದ್ದವನ್ನು ಸರಿಮಾಡುವುದಷ್ಟೇ ಅದರ ಕೆಲಸ. ಇದ್ದದ್ದು ೧೧ ಸಾಲು. ಆ ೧೧ ಸಾಲಿಲ್ಲದೆ ದೊಡ್ಡ ದೊಡ್ಡ ತಂತ್ರಾಂಶಗಳ ನಿರ್ಮಾಣ ನಿಂತುಹೋಯಿತು. ಉಗ್ರಾಣದವರು ಕೆಲವೇ ಗಂಟೆಗಳಲ್ಲಿ ಅದನ್ನು ಮತ್ತೆ ತಂದು ಇಡಬೇಕಾಯಿತು.

ಎಲ್ಲಕ್ಕಿಂತ ಗಂಭೀರವಾದದ್ದು ೨೦೨೪ರ ಪ್ರಕರಣ. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ‘ಎಕ್ಸ್‌ಜೆಡ್’ ಎಂಬ ಉಪಕರಣವಿದೆ. ಡೆಬಿಯನ್ನಿನ ಮೂಟೆಗಳನ್ನು ಕಟ್ಟುವುದೂ ಅದರಿಂದಲೇ. ಲಾಸ್ಸೆ ಕೊಲ್ಲಿನ್ ಎಂಬವರು ಅದನ್ನು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ, ಬಹುಮಟ್ಟಿಗೆ ಒಬ್ಬರೇ ನೋಡಿಕೊಂಡು ಬಂದಿದ್ದರು. ಮನಸ್ಸಿನ ಆಯಾಸದಿಂದ ಅವರ ಕೆಲಸ ನಿಧಾನವಾಗಿದ್ದಿತು. ೨೦೨೧ರಿಂದ ಜಿಯಾ ಟಾನ್ ಎಂಬ ಹೆಸರಿನ ಯಾರೋ ತಿದ್ದುಪಡಿಗಳನ್ನು ಕಳುಹಿಸತೊಡಗಿದರು. ಅದೇ ಕಾಲಕ್ಕೆ ಬೇರೆ ಬೇರೆ ಹೆಸರುಗಳಿಂದ ಕೊಲ್ಲಿನ್ ಅವರಿಗೆ ಒತ್ತಾಯ, ಗೊಣಗಾಟ: ನಿಮ್ಮಿಂದಾಗದಿದ್ದರೆ ಇನ್ನೊಬ್ಬರಿಗೆ ಬಿಟ್ಟುಕೊಡಿ ಎಂದು. ಜಿಯಾ ಟಾನ್ ಸಹಪಾಲಕರಾದರು. ೨೦೨೪ರ ಫೆಬ್ರವರಿಯಲ್ಲಿ ಬಂದ ೫.೬.೦ನೆಯ ಆವೃತ್ತಿಯಲ್ಲಿ ಒಂದು ಕಳ್ಳಬಾಗಿಲಿದ್ದಿತು.

ಅದನ್ನು ಅಡಗಿಸಿದ ಬಗೆಯನ್ನು ಗಮನಿಸಬೇಕು. ಎಲ್ಲರೂ ನೋಡುವ ಬಹಿರಂಗದ ಮೂಲದಲ್ಲಿ ಅದರ ಕೀಲುಸಾಲು ಇರಲಿಲ್ಲ. ಹಂಚಲೆಂದು ಕಟ್ಟಿದ ಟಾರ್ ಕಂತೆಯಲ್ಲಿ ಮಾತ್ರ ಸೇರಿಸಲಾಗಿತ್ತು. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮೂಲದಲ್ಲಿಲ್ಲದ, ಪ್ರತಿಯಲ್ಲಿ ಮಾತ್ರ ಇರುವ ಪ್ರಕ್ಷಿಪ್ತ. ಕಟ್ಟುತ್ತಿರುವುದು ಡೆಬಿಯನ್ನಿನ ಅಥವಾ ಆರ್‌ಪಿಎಮ್ಮಿನ ಮೂಟೆಯೇ ಎಂದು ವಿಚಾರಿಸಿ, ಹೌದಾದರೆ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಅದರ ಗುರಿ ದೂರದ ಕಂಪ್ಯೂಟರುಗಳನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಎಂಬ ಹೆಬ್ಬಾಗಿಲು. ಆ ಹೆಬ್ಬಾಗಿಲಿಗೆ ಎಕ್ಸ್‌ಜೆಡ್ ನೇರವಾಗಿ ಬೇಕಾಗಿಯೇ ಇರಲಿಲ್ಲ. ಅನುಕೂಲಕ್ಕೆಂದು ವಿತರಕರು ಸೇರಿಸಿದ ಇನ್ನೊಂದು ಗ್ರಂಥಾಲಯದ ಬಾಲ ಹಿಡಿದು ಅದು ಒಳಗೆ ಬಂದಿದ್ದಿತು.

ಇದನ್ನು ಕಂಡುಹಿಡಿದವರು ಕಾವಲಿನ ಕೆಲಸದವರಲ್ಲ. ಪೋಸ್ಟ್‌ಗ್ರೆಸ್ಎಂಬ ದತ್ತಕೋಶದ ಮೇಲೆ ಕೆಲಸಮಾಡುವ ಆಂಡ್ರೆಸ್ ಫ್ರಾಯಿಂಡ್ ಎಂಬವರಿಗೆ, ತಮ್ಮ ಯಂತ್ರದ ಹೆಬ್ಬಾಗಿಲು ತೆರೆಯಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆ ಎಂಬ ಸಂಶಯ ಹುಟ್ಟಿತು. ಆ ಅರ್ಧ ಸೆಕೆಂಡಿನ ಜಾಡು ಹಿಡಿದು ಹೋಗಿ ೨೦೨೪ರ ಮಾರ್ಚ್ ೨೯ರಂದು ಅವರು ಲೋಕಕ್ಕೆ ತಿಳಿಸಿದರು. ಕೆಟ್ಟ ಆವೃತ್ತಿ ಇನ್ನೂ ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು ಸೇರಿರಲಿಲ್ಲ. ಪರೀಕ್ಷೆಯ ಕೋಣೆಗಳಲ್ಲಿಯೇ ಸಿಕ್ಕಿಬಿದ್ದಿತು. ನಿಧಾನವಾಗಿ ಹಣ್ಣಾಗಲೆಂದು ಸಾಮಾನನ್ನು ಹಿಂದಿನ ಕೋಣೆಯಲ್ಲಿ ಇಡುವ, ಹಲವರು ಹಳಿಯುವ ಆ ಹಳೆಯ ಪದ್ಧತಿಯೂ ಇಲ್ಲಿ ನೆರವಿಗೆ ಬಂದಿತೆನ್ನಬೇಕು.

ಇದು ಎಲ್ಲಿಯೋ ದೂರದ ಸರ್ವರುಗಳ ವಿಚಾರ, ನಮಗೇನು ಎನ್ನುವಂತಿಲ್ಲ. ಹಳೆಯ ಕನ್ನಡ ಪುಟಗಳನ್ನು ಓದುವ ಟೆಸೆರಾಕ್ಟಿಗೆ ಲೆಪ್ಟೋನಿಕಾ ಬೇಕು, ಲೆಪ್ಟೋನಿಕಾಗೆ ಲಿಬ್‌ಟಿಫ್ ಬೇಕು, ಲಿಬ್‌ಟಿಫ್‌ಗೆ ಅದೇ ಎಕ್ಸ್‌ಜೆಡ್‌ನ ಗ್ರಂಥಾಲಯ ಬೇಕು. ಕಳ್ಳಬಾಗಿಲಿನ ಗುರಿ ಬೇರೆಯಿದ್ದುದರಿಂದ ನನ್ನಂಥವರ ಪುಟಗಳಿಗೆ ಬಾಧೆಯಿರಲಿಲ್ಲ, ನಿಜ. ಆದರೆ ಕನ್ನಡದ ಒಂದು ಹಳೆಯ ಕಾದಂಬರಿಯನ್ನು ಓದಿಸುವ ಕೆಲಸ ಎಲ್ಲಿಯೋ ಒಬ್ಬಂಟಿಯಾಗಿ ದಣಿದ ಮನುಷ್ಯನೊಬ್ಬನ ಬಿಡುವಿನ ವೇಳೆಯನ್ನು ನೆಚ್ಚಿಕೊಂಡಿದೆ ಎಂಬುದು ಇದರಿಂದ ತಿಳಿದುಬರುತ್ತದೆ. ಆಪ್ಟ್ ಅವಲಂಬನೆಯ ಸರಪಳಿಯನ್ನು ಕೊನೆಯ ಕೊಂಡಿಯವರೆಗೆ ಲೆಕ್ಕ ಹಾಕಬಲ್ಲುದು. ಆ ಕೊಂಡಿಯ ಮನುಷ್ಯ ಕ್ಷೇಮವೇ ಎಂದು ಕೇಳಲಾರದು. ಅದನ್ನು ಕೇಳುವುದು ಬಳಸುವವರ ಪಾಲಿನ ಕೆಲಸ.

ಪರಿಹಾರದ ಪ್ರಯತ್ನಗಳು ಇಲ್ಲದಿಲ್ಲ. ಒಂದೇ ಮೂಲದಿಂದ ಯಾರು ಎಲ್ಲಿ ಕಟ್ಟಿದರೂ ಅಕ್ಷರಶಃ ಒಂದೇ ಯಂತ್ರರೂಪ ಬರಬೇಕು, ಬಂದರೆ ನಡುವೆ ಬೆರಕೆಯಾಗಿಲ್ಲವೆಂದು ತಾಳೆ ನೋಡಬಹುದು ಎಂಬ ಕೆಲಸವನ್ನು ಡೆಬಿಯನ್ ಬಳಗ ೨೦೧೩ರಿಂದ ನಡೆಸಿಕೊಂಡು ಬಂದಿದೆ. ಹಲವು ಪ್ರತಿಗಳನ್ನು ಎದುರುಬದುರಾಗಿಟ್ಟು ಶುದ್ಧಪಾಠವನ್ನು ನಿರ್ಣಯಿಸುವ ನಮ್ಮ ಪಂಡಿತರ ಶ್ರದ್ಧೆಗೆ ಇದು ಸಮೀಪದ್ದು. ಆದರೆ ಯಾವ ತಾಳೆಯೂ ಮನುಷ್ಯನ ಬದಲಿಗೆ ನಿಲ್ಲಲಾರದು. ಡೆಬಿಯನ್ನನ್ನು ಆರಂಭಿಸಿದ ಮರ್ಡಾಕ್ ೨೦೧೫ರ ಡಿಸೆಂಬರಿನಲ್ಲಿ ೪೨ನೆಯ ವಯಸ್ಸಿಗೇ ತೀರಿಕೊಂಡರು. ಅವರು ಹಾಕಿದ ಪದ್ಧತಿ ಉಳಿದಿದೆಯಾದರೆ, ಮೂಟೆಯ ಚೀಟಿಯಲ್ಲಿ ಒಬ್ಬರ ಹೆಸರಿದ್ದರೆ ಅವರು ಅದಕ್ಕೆ ಹೊಣೆ ಎಂಬ ಮರ್ಯಾದೆಯನ್ನು ಸಾವಿರಾರು ಜನ ಪಾಲಿಸಿದ್ದರಿಂದ ಉಳಿದಿದೆ.

ನಮ್ಮ ಕಾಲೇಜುಗಳಲ್ಲಿ, ಕಚೇರಿಗಳಲ್ಲಿ ಇಂಥ ತಂತ್ರಾಂಶಗಳನ್ನು ಬಿಟ್ಟಿಯಾಗಿ ಸಿಕ್ಕುವುದೆಂದು ಬಳಸುವವರು ಈಗ ಬಹಳ. ಟೆಸೆರಾಕ್ಟ್ ಕನ್ನಡದ ಒತ್ತಕ್ಷರಗಳಲ್ಲಿ ಎಡವುವುದನ್ನು ನಿತ್ಯ ಕಾಣುತ್ತೇವೆ, ಗೊಣಗುತ್ತೇವೆ. ಎಡವಿದ ಜಾಗವನ್ನು ಗುರುತಿಸಿ, ಸರಿಯಾದ ಪಾಠವನ್ನು ಜೊತೆಗಿಟ್ಟು ಬರೆದು ಕಳುಹಿಸಿದರೆ ಅದನ್ನು ಓದುವವರಿದ್ದಾರೆ. ಆ ಕೆಲಸಕ್ಕೆ ಪ್ರೋಗ್ರಾಮು ಬರೆಯಲು ಬರಬೇಕಾಗಿಲ್ಲ, ಕನ್ನಡ ಬಂದರೆ ಸಾಕು. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೆ. ‘ಆಪ್ಟ್ ಶೋ’ ಎಂದು ಬರೆದು ಮುಂದೆ ಮೂಟೆಯ ಹೆಸರನ್ನು ಕೊಟ್ಟರೆ ಅದರ ಚೀಟಿ ಪರದೆಯ ಮೇಲೆ ಬರುತ್ತದೆ. ಆವೃತ್ತಿ, ಗಾತ್ರ, ಅವಲಂಬನೆಗಳ ನಡುವೆ ಪಾಲಕರ ಹೆಸರಿನ ಒಂದು ಸಾಲೂ ಅಲ್ಲಿರುತ್ತದೆ. ಸ್ಥಾಪಿಸುವುದಕ್ಕೆ ಮೊದಲು ಆ ಸಾಲನ್ನು ಒಮ್ಮೆ ಓದಿಕೊಳ್ಳಿ.